ಮೇಷ್ಟ್ರ ಕಾರಿನ ವಾಸನೆ

ಸ್ವಿಚ್ಚು ಒತ್ತಿದ್ದೇ ತಪ್ಪಾಯಿತು.

ಏಪ್ರಿಲ್ ತಿಂಗಳು. ಬೆಳಿಗ್ಗೆ ಎಂಟಕ್ಕೇ ಜಗಳೂರಿನ ಗಾಳಿ ರೊಟ್ಟಿ ಹಂಚಿನ ಮೇಲೆ ಹಾದು ಬಂದಂತೆ ಬೀಸುತ್ತಿತ್ತು. ತಿಪ್ಪೇರುದ್ರಸ್ವಾಮಿ ಮೇಷ್ಟ್ರು ಮನೆಯೆದುರಿನ ಬೇವಿನ ಮರದ ಕೆಳಗೆ ನಿಂತಿದ್ದ ತಮ್ಮ ಬಿಳಿ ಕಾರಿನಲ್ಲಿ ಕೂತು, ಹೆಂಡತಿ ಅನ್ನಪೂರ್ಣಮ್ಮನವರನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಈಗ ನೋಡು" ಎಂದು ಏಸಿ ಹಾಕಿದರು.

ಅನ್ನಪೂರ್ಣಮ್ಮನವರು ನೋಡಲಿಲ್ಲ. ಮೂಗಿಗೆ ಸೆರಗು ಒತ್ತಿಕೊಂಡು ಬಾಗಿಲು ತೆಗೆದು ಇಳಿದೇಬಿಟ್ಟರು.

"ಎರಡು ವಾರದ ಹಿಂದೆ ಹೆಂಗಿತ್ತೋ ಹಂಗೇ ಐತೆ ಕಣ್ರೀ. ಹಂಗೇ ಏನು, ಇನ್ನೂ ಜಾಸ್ತಿ ಆಗೈತೆ. ನಾನು ನ್ಯಾಮತಿಗೆ ಬಸ್ಸಿಗೆ ಹೋಗ್ತೀನಿ. ನೀವು ನಿಮ್ಮ ಕಾರು ಜೋಡಿಯಾಗಿ ಬರ್ರಿ."

ಮೇಷ್ಟ್ರು ಏಸಿ ಆರಿಸಿ ತಾವೂ ಇಳಿದರು. ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಗಣಿತ ಕಲಿಸಿ, ಐವತ್ತನಾಲ್ಕನೆಯ ವಯಸ್ಸಿಗೆ ಕೊಂಡ ಕಾರು ಅದು. ಬಸವಾಪಟ್ಟಣದ ಅಡಿಕೆ ವ್ಯಾಪಾರಿಯೊಬ್ಬರು ಬಳಸಿ ಬಿಟ್ಟದ್ದು. ಮೊದಮೊದಲು ಎಲ್ಲ ಚೆನ್ನಾಗಿತ್ತು. ತಿಂಗಳ ಹಿಂದೆ ಏಸಿ ಕಂಡಿಯಿಂದ ಒಂದು ಬಗೆಯ ಕಮಟು ವಾಸನೆ ಶುರುವಾಯಿತು. ಎರಡು ವಾರದ ಹಿಂದೆ ಸಂತೆಗೆ ಹೊರಟಾಗ ಅನ್ನಪೂರ್ಣಮ್ಮನವರು ಅರ್ಧ ದಾರಿಗೇ ಇಳಿದು, ವಾಸನೆ ಹೋಗುವ ತನಕ ಈ ಕಾರಿನಲ್ಲಿ ಕೂರುವುದಿಲ್ಲ ಎಂದು ಆಣೆ ಮಾಡಿದ್ದರು. ಅವತ್ತು ನಿಂತ ಕಾರು ಮತ್ತೆ ಅಲುಗಿರಲಿಲ್ಲ.

ಇವತ್ತೋ, ನ್ಯಾಮತಿಯಲ್ಲಿ ಅನ್ನಪೂರ್ಣಮ್ಮನವರ ತಮ್ಮ ಮಹೇಶ್ವರಪ್ಪನ ಮಗಳು ಸಂಧ್ಯಾರಾಣಿಯ ಆರತಕ್ಷತೆ. ನಾಳೆ ಬೆಳಿಗ್ಗೆ ಧಾರೆ. ಮೇಷ್ಟ್ರು ಭಾವಮೈದನಿಗೆ ಫೋನಿನಲ್ಲಿ ಒಂದಲ್ಲ, ಮೂರು ಸಲ ಹೇಳಿದ್ದರು: "ನಮ್ದೇನು ಚಿಂತೆ ಮಾಡ್ಬೇಡ. ಕಾರಲ್ಲೇ ಬರ್ತೀವಿ. ಏಸಿ ಐತೆ." ಈಗ ಹೆಂಡತಿ ಬಸ್ಸಿನಲ್ಲೂ ತಾವು ಕಾರಿನಲ್ಲೂ ಹೋಗಿ ಇಳಿದರೆ ಆ ಕಡೆಯ ನೆಂಟರು ಮದುವೆ ಬಿಟ್ಟು ಇದನ್ನೇ ಮಾತಾಡುತ್ತಾರೆ.

"ಮಧ್ಯಾಹ್ನ ಮೂರರ ಒಳಗೆ ವಾಸ್ನೆ ತೆಗೆಸ್ತೀನಿ" ಎಂದರು ಮೇಷ್ಟ್ರು.

"ತೆಗೆಸ್ರಿ. ಕೂತ್ಕಂತೀನಿ" ಎಂದರು ಅನ್ನಪೂರ್ಣಮ್ಮನವರು.

ಈ ಮಾತು ಪಕ್ಕದ ಮನೆಯ ಹನುಮಂತಪ್ಪನವರ ಕಿವಿಗೆ ಬಿತ್ತು. ಅವರು ಮೂವತ್ತೆರಡು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಗಾಲಿ ಇರುವ ಯಾವುದರ ಬಗ್ಗೆ ಮಾತು ಬಂದರೂ ಕರೆಯದೇ ಬರುವವರು. ಬನಿಯನ್ನಿನಲ್ಲೇ ಬಂದು ಕಾರಿನೊಳಗೆ ತಲೆ ಹಾಕಿ, ಒಮ್ಮೆ ಮೂಸಿ, ವೈದ್ಯರು ಕೆಟ್ಟ ಸುದ್ದಿ ಹೇಳುವ ಮುಖ ಮಾಡಿದರು.

"ಇಲಿ, ಮೇಷ್ಟ್ರೇ. ಸತ್ತು ನಾಕು ದಿನ ಆಗೈತೆ."

"ವಾಸ್ನೆ ಶುರುವಾಗಿ ತಿಂಗಳಾಯ್ತಲ್ರೀ?"

"ಹಂಗಾದ್ರೆ ಒಂದಲ್ಲ. ಏಳೆಂಟು ಸತ್ತಿರಬೇಕು. ಒಂದಾದ ಮೇಲೆ ಒಂದು."

ಇಲಿಗಳ ಹೆಣಕ್ಕಾಗಿ ಸೀಟುಗಳನ್ನು ಬಿಚ್ಚಿದರು. ಒಂದೂವರೆ ಗಂಟೆ ಹುಡುಕಿದ ಮೇಲೆ ಸಿಕ್ಕಿದ್ದು ಒಂದು ಬಾಚಣಿಗೆ, ಅರ್ಧ ಚಕ್ಕುಲಿ ಮತ್ತು ಯಾರದೋ ಗೃಹಪ್ರವೇಶದ ಕರೆಯೋಲೆ. ಸೀಟುಗಳನ್ನು ಮತ್ತೆ ಕೂರಿಸಿದಾಗ ಎರಡು ಬೋಲ್ಟು ಉಳಿದವು. "ಇವು ಕಂಪ್ನಿಯೋರು ಸುಮ್ನೆ ಹಾಕಿರ್ತಾರೆ, ತೂಕಕ್ಕೆ" ಎಂದು ಹನುಮಂತಪ್ಪನವರು ಅವನ್ನು ಮೇಷ್ಟ್ರ ಜೇಬಿಗೇ ಹಾಕಿದರು.

ಅಷ್ಟರಲ್ಲಿ ಎದುರುಮನೆಯ ದುರ್ಗಾಂಬಿಕಾ ಧೂಪದಾರತಿ ಹಿಡಿದು ಬಂದರು. ಅವರ ಪ್ರಕಾರ ಲೋಕದಲ್ಲಿ ಲೋಬಾನಕ್ಕೆ ಹೋಗದ ವಾಸನೆಯೇ ಇಲ್ಲ. "ಬಾಗಿಲು ಮುಚ್ರಿ, ಫ್ಯಾನು ಜೋರು ಮಾಡ್ರಿ, ಹೊಗೆ ಸಂದಿ ಸಂದಿಗೂ ಹೋಗ್ಲಿ" ಎಂದರು. ಮೇಷ್ಟ್ರು ಹಾಗೇ ಮಾಡಿದರು. ಐದು ನಿಮಿಷಕ್ಕೆ ಕಾರು ಒಳಗೆಲ್ಲ ಬೆಳ್ಳಗಾಗಿ ಹಾಲು ತುಂಬಿದ ಸೀಸೆಯಂತೆ ಕಂಡಿತು. ಕಿಟಕಿ ಒಂದಿಷ್ಟು ಇಳಿಸಿದ್ದೇ ತಡ, ಹೊಗೆ ಉಂಡೆಯುಂಡೆಯಾಗಿ ಬೀದಿಗೆ ಬಂತು. ಆ ಹೊತ್ತಿಗೆ ಸರಿಯಾಗಿ ಬೀದಿಯಲ್ಲಿ ನೀರು ಮಾರುವ ಟೆಂಪೊದವನು ಬಂದ. "ಕಾರಿಗೆ ಬೆಂಕಿ ಬಿದ್ದೈತ್ರೋ!" ಎಂದು ಕೂಗಿ, ಯಾರಾದರೂ ತಡೆಯುವುದರೊಳಗೆ ಎರಡು ಕೊಡ ನೀರು ಕಿಟಕಿಯಿಂದ ಒಳಗೆ ಸುರಿದ. ಪುಣ್ಯ ಬಂತು ಎಂಬಂತೆ ಹಣೆ ಒರೆಸಿಕೊಂಡು ಹೋದ.

ಈಗ ಕಾರಿನಲ್ಲಿ ಹಳೆಯ ವಾಸನೆಯ ಜೊತೆಗೆ ಲೋಬಾನದ ವಾಸನೆ, ಅದರ ಜೊತೆಗೆ ಒದ್ದೆ ಗೋಣಿಚೀಲದ ವಾಸನೆ. ಮೇಷ್ಟ್ರು ಒಳಗೋಡಿ, ಮನೆಯಲ್ಲಿದ್ದ ಸೆಂಟಿನ ಸೀಸೆ ತಂದು ಕಂಡಿಗಳಿಗೆಲ್ಲ ಸಿಂಪಡಿಸಿದರು. ಬಾಗಿಲಲ್ಲಿ ನಿಂತ ಅನ್ನಪೂರ್ಣಮ್ಮನವರು, "ಹನ್ನೆರಡಾಯ್ತು" ಎಂದಷ್ಟೇ ಹೇಳಿ ಒಳಗೆ ಹೋದರು.

ಕೊನೆಗೆ ಮೆಕ್ಯಾನಿಕ್ ಪ್ರವೀಣ್ ಕುಮಾರನಿಗೆ ಫೋನು ಹೋಯಿತು. ಬಸ್ ಸ್ಟ್ಯಾಂಡಿನ ಹಿಂದೆ ಗ್ಯಾರೇಜು ಇಟ್ಟುಕೊಂಡವನು. ಹತ್ತು ವರ್ಷದ ಹಿಂದೆ ಮೇಷ್ಟ್ರ ಗಣಿತದಲ್ಲಿ ಎರಡು ಸಲ ಫೇಲಾದವನು. ಬಂದವನೇ ಯಾರ ಮಾತನ್ನೂ ಕೇಳದೆ ಸ್ಟೀರಿಂಗ್ ಮುಂದೆ ಕೂತ.

"ಸರ್, ಈಗ ಏಸಿ ಆಫ್. ಬರೀ ಫ್ಯಾನು. ವಾಸ್ನೆ ಐತಾ?"

"ಐತೆ."

"ಅಂದ್ರೆ ತಣ್ಣಗೆ ಮಾಡೋ ಕಾಯಿಲ್ದು ತಪ್ಪಲ್ಲ. ಈಗ ಹೊರಗಿನ ಗಾಳಿ ಬಂದ್ ಮಾಡಿದೆ. ಒಳಗಿನ ಗಾಳೀನೇ ಒಳಗೆ ತಿರುಗ್ತೈತೆ. ಈಗ?"

ಮೇಷ್ಟ್ರು ಮೂಗು ಮುಂದೆ ಮಾಡಿದರು. ಲೋಬಾನ ಇತ್ತು, ಗೋಣಿಚೀಲ ಇತ್ತು, ಆ ಮೂಲ ಕಮಟು ಮಾತ್ರ ಇರಲಿಲ್ಲ. "ಇಲ್ಲ!"

"ಈಗ ಹೊರಗಿನ ಗಾಳಿ ಬಿಟ್ಟೆ."

"ಬಂತು!"

"ಅಲ್ಲಿಗೆ ಸರ್, ಹೊರಗಿನ ಗಾಳಿ ಒಳಗೆ ಬರೋ ದಾರಿಯಾಗೇ ಏನೋ ಐತೆ. ವೈಪರ್ ಕೆಳಗಿನ ಕಂಡಿಯಿಂದ ಫಿಲ್ಟರ್ ತನಕ, ಆ ಒಂದೂವರೆ ಅಡಿ ಒಳಗೆ."

ಮೇಷ್ಟ್ರು ಬೆರಗಾಗಿ ಅವನನ್ನೇ ನೋಡಿದರು. ಒಂದೊಂದೇ ಸಂಖ್ಯೆಯನ್ನು ಕಳೆಯುತ್ತ ಅಜ್ಞಾತ ಬೆಲೆಯನ್ನು ಕಂಡುಹಿಡಿಯುವುದನ್ನು ಇವನಿಗೆ ತಾವು ಎಷ್ಟು ಬಡಿದರೂ ಕಲಿಸಲಾಗಿರಲಿಲ್ಲ. ಇವತ್ತು ಅವನು ಬೀದಿಯಲ್ಲಿ ನಿಂತು ಅದನ್ನೇ ತಮಗೆ ಕಲಿಸುತ್ತಿದ್ದ.

ಪ್ರವೀಣ ಕಾರಿನ ಕೆಳಗೆ ನುಸುಳಿ ಏಸಿ ನೀರು ಹೋಗುವ ಪೈಪಿಗೆ ತಂತಿ ಹಾಕಿದ. ಒಂದು ಚೊಂಬು ಕಪ್ಪು ನೀರು ಇಳಿಯಿತು. ಆಮೇಲೆ ಚೀಲದಿಂದ ಉದ್ದ ಮೂತಿಯ ಡಬ್ಬಿಯೊಂದನ್ನು ತೆಗೆದ. "ಇದು ನೊರೆ ಔಷಧಿ ಸರ್. ಕಂಡಿಯಾಗೆ ಹೊಡೆದ್ರೆ ಒಳಗೆ ಏನೇ ಇರ್ಲಿ, ಹುಳ, ಬೂಷ್ಟು, ಎಲ್ಲಾ ಖಲಾಸ್. ಆಮೇಲೆ ಫಿಲ್ಟರ್ ಬಿಚ್ತೀನಿ." ಬಾನೆಟ್ಟಿನ ಮೇಲೆ ಬಾಗಿ, ವೈಪರಿನ ಕೆಳಗೆ ಮೂತಿ ಇಟ್ಟು, ಗುಂಡಿಯ ಮೇಲೆ ಬೆರಳಿಟ್ಟ.

"ಲೇ ತಮ್ಮಾ, ಆ ಡಬ್ಬಿ ಕೆಳಗಿಡು!"

ಎಲ್ಲರೂ ತಿರುಗಿದರು. ಹತ್ತು ಹೆಜ್ಜೆ ದೂರದಲ್ಲಿ ಬೆಣ್ಣೆ ಗಡಿಗೆ ಹೊತ್ತ ಲಕ್ಷ್ಮಮ್ಮ ನಿಂತಿದ್ದಳು. ಬಿಳಿಚೋಡಿನ ಕಡೆಯ ಕುರಿ ಸಾಕುವ ಮನೆಯವಳು. ವಾರಕ್ಕೊಮ್ಮೆ ಬೆಣ್ಣೆ ಮಾರಲು ಈ ಬೀದಿಗೆ ಬರುತ್ತಿದ್ದಳು. ಅರವತ್ತು ದಾಟಿದ ಕಡ್ಡಿಯಂಥ ಹೆಂಗಸು. ಗಡಿಗೆ ಇಳಿಸಿ, ಕಣ್ಣು ಮುಚ್ಚಿ, ಗಾಳಿಗೆ ಮುಖ ಒಡ್ಡಿದಳು.

"ಲೋಬಾನ ಹಾಕೀರಿ. ನೀರು ಹೊಯ್ದೀರಿ, ಕೊಳವೆ ಬಾವೀದು, ಸವಳು ಐತೆ. ಮಲ್ಲಿಗೆ ಸೆಂಟು ಹೊಡೆದೀರಿ, ಅದೂ ಹಳೇದು, ಸೀಸೆಯಾಗೇ ಹುಳಿ ಬಂದೈತೆ."

ಮೇಷ್ಟ್ರು ಬಾಯಿ ತೆರೆದರು. ಆ ಸೆಂಟು ತಮ್ಮ ಮದುವೆಯ ಬೆಳ್ಳಿಹಬ್ಬಕ್ಕೆ ತಂದದ್ದು.

ಲಕ್ಷ್ಮಮ್ಮ ಕಾರಿನ ಹತ್ತಿರ ಬಂದಳು. ಬಾನೆಟ್ಟಿನ ಮೇಲೆ ಅಂಗೈ ಊರಿ, ವೈಪರಿನ ಕೆಳಗಿನ ಕಂಡಿಗೆ ಮೂಗು ತಂದು, ಬಹಳ ಹೊತ್ತು ಹಾಗೇ ಇದ್ದಳು. ಮುಖ ಎತ್ತಿದಾಗ ಅವಳ ದನಿ ಇಳಿದಿತ್ತು.

"ಇದೆಲ್ಲದರ ತಳದಾಗೆ ಹಾಲು ಐತೆ ಸ್ವಾಮೇರೆ. ಮೊಲೆಹಾಲು. ಕುರಿ ಈದಾಗ ದೊಡ್ಡಿಯಾಗೆ ಬರ್ತೈತಲ್ಲ, ಬೆಚ್ಚಗೆ, ಒಂಥರಾ ಸಿಹಿ ಕಮಟು. ಇದು ಸತ್ತಿದ್ದರ ವಾಸ್ನೆ ಅಲ್ಲ, ಹುಟ್ಟಿದ್ದರ ವಾಸ್ನೆ. ಒಳಗೆ ಬಾಣಂತಿ ಅದಾಳೆ."

ಪ್ರವೀಣನ ಕೈಯಿಂದ ಡಬ್ಬಿ ತಾನಾಗಿಯೇ ಕೆಳಗಿಳಿಯಿತು. ಕಾರಿನೊಳಗೆ ಕೂತು, ಮುಂದಿನ ಗ್ಲೋವ್ ಬಾಕ್ಸನ್ನು ಬಿಚ್ಚಿ, ಫಿಲ್ಟರಿನ ತಟ್ಟೆಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಹೊರಗೆಳೆದ. ಟಾರ್ಚು ಬಿಟ್ಟು ನೋಡಿದ. ಟಾರ್ಚನ್ನು ಮೇಷ್ಟ್ರ ಕೈಗೆ ಕೊಟ್ಟ.

ಫಿಲ್ಟರಿನ ಮೇಲೆ ಒಂದು ಗೂಡಿತ್ತು. ತೆಂಗಿನ ನಾರು, ಫಿಲ್ಟರಿನದೇ ಕಾಗದದ ಎಳೆ, ಹತ್ತಿ, ಹೂವು ಕಟ್ಟಿದ ದಾರ. ಸುತ್ತಿ ಸುತ್ತಿ, ಕೈವಾರ ಹಿಡಿದು ಎಳೆದ ವೃತ್ತದಂತೆ ದುಂಡಗೆ ಕಟ್ಟಿದ ಗೂಡು. ಅದರ ನಡುವೆ ಐದು ಅಳಿಲು ಮರಿಗಳು, ಹೆಬ್ಬೆರಳಿನಷ್ಟುದ್ದ, ಕಣ್ಣಿನ್ನೂ ಬಿಟ್ಟಿಲ್ಲ. ಒಂದರ ಮೇಲೊಂದು ಬಿದ್ದು ಮಲಗಿದ್ದವು. ಬೂದು ಬಣ್ಣದ ಬೆನ್ನಿನ ಮೇಲೆ ಮೂರು ಗೆರೆಗಳು ಈಗಷ್ಟೇ, ಪೆನ್ಸಿಲಿನಲ್ಲಿ ಎಳೆದಂತೆ, ಮೂಡುತ್ತಿದ್ದವು. ಐದೂ ಹೊಟ್ಟೆಗಳು ಒಟ್ಟಿಗೆ ಏರುತ್ತ ಇಳಿಯುತ್ತಿದ್ದವು.

ಇಪ್ಪತ್ತಾರು ವರ್ಷ ಕಪ್ಪು ಹಲಗೆಯ ಮೇಲೆ ವೃತ್ತ ಬರೆದ ಮೇಷ್ಟ್ರು ಟಾರ್ಚಿನ ಬೆಳಕನ್ನು ಮರಿಗಳ ಮೇಲಿಂದ ಪಕ್ಕಕ್ಕೆ ಸರಿಸಿದರು. ಬೆಳಿಗ್ಗೆಯಿಂದ ಹೊಗೆ, ನೀರು, ಸೆಂಟು. ಇನ್ನು ಒಂದೇ ಒಂದು ಗುಂಡಿ ಒತ್ತಿದ್ದರೆ ವಿಷ. ಅಷ್ಟೆಲ್ಲದರ ಆ ಬದಿಯಲ್ಲಿ ಇವು ನಿದ್ದೆ ಮಾಡುತ್ತಿದ್ದವು.

"ಅನ್ನಪೂರ್ಣ" ಎಂದು ಮೆಲ್ಲಗೆ ಕರೆದರು. ಅನ್ನಪೂರ್ಣಮ್ಮನವರು ಬಂದು ಬಗ್ಗಿ ನೋಡಿದರು. ಮೂಗಿಗೆ ಹೋಗುತ್ತಿದ್ದ ಸೆರಗು ಬಾಯಿಗೆ ಹೋಯಿತು. "ಅಯ್ಯೋ ಶಿವನೇ" ಎಂದರು.

"ಬರಿಗೈಲಿ ಮುಟ್ಬೇಡ್ರಿ, ಮೈ ವಾಸ್ನೆ ಹತ್ತಿದ್ರೆ ಅವ್ವ ಗಾಬರಿ ಆಗ್ತಾಳೆ" ಎಂದ ಲಕ್ಷ್ಮಮ್ಮ ಬೇವಿನ ಸೊಪ್ಪನ್ನು ಎರಡೂ ಕೈಗೆ ಹಿಡಿದು, ಗೂಡನ್ನು ಇಡಿಯಾಗಿ ಎತ್ತಿ, ಮರದ ಬುಡದ ಕಟ್ಟೆಯ ಮೇಲೆ ಇಟ್ಟಳು. "ಎಲ್ಲಾ ದೂರ ಸರೀರಿ. ತಾಯಿ ಬರ್ತಾಳೆ."

ಜನವೆಲ್ಲ ಹನುಮಂತಪ್ಪನವರ ಜಗಲಿಗೆ ಹೋಗಿ ಕೂತಿತು. ಬೆಳಿಗ್ಗೆಯಿಂದ ಬಾಯಿ ಮುಚ್ಚದಿದ್ದ ಹನುಮಂತಪ್ಪನವರೂ ಮುಚ್ಚಿದರು. ಬೀದಿಗೆ ಬಂದ ಆಟೊ ಒಂದನ್ನು ದುರ್ಗಾಂಬಿಕಾ ಕೈಯಾಡಿಸಿ ನಿಲ್ಲಿಸಿದರು. ಅದರವನೂ ಎಂಜಿನ್ ಆರಿಸಿ ನೋಡುತ್ತ ಕೂತ.

ಕಾಲು ಗಂಟೆಯಾಯಿತು. ಬೇವಿನ ಕೊಂಬೆಯ ಮೇಲೆ ಬಾಲ ಕುಣಿಯಿತು. ತಾಯಿ ಅಳಿಲು ತಲೆಕೆಳಗಾಗಿ ಇಳಿದು, ನಿಂತು, ಮತ್ತೆ ಇಳಿದು, ಗೂಡಿಗೆ ಬಂತು. ಒಂದೊಂದು ಮರಿಯನ್ನೂ ಮೂಸಿತು. ಆಮೇಲೆ ಒಂದನ್ನು ಬಾಯಲ್ಲಿ ಕಚ್ಚಿತು. ಕಣ್ಣೇ ಬಿಡದ ಆ ಮರಿ, ಯಾರು ಹೇಳಿಕೊಟ್ಟರೋ, ಕೈಕಾಲು ಮಡಚಿ ತಾಯಿಯ ಕೊರಳಿಗೆ ಹಾರದಂತೆ ಸುತ್ತಿಕೊಂಡಿತು. ಹಾರ ಹಾಕಿಕೊಂಡ ತಾಯಿ ನೆಟ್ಟಗೆ ಮರ ಹತ್ತಿ ಪೊಟರೆಯೊಳಗೆ ಮಾಯವಾಯಿತು. ಮತ್ತೆ ಇಳಿಯಿತು. ಐದು ಮರಿ, ಐದು ಸಲ. ಎಲ್ಲ ಮುಗಿದ ಮೇಲೂ ಒಮ್ಮೆ ಬಂದು ಖಾಲಿ ಗೂಡನ್ನು ಕೆದಕಿ, ಒಂದೂ ಉಳಿದಿಲ್ಲವೆಂದು ನೋಡಿಕೊಂಡು ಹೋಯಿತು.

"ಲೆಕ್ಕ ಗೊತ್ತೈತೆ ಅದಕ್ಕೆ" ಎಂದರು ಮೇಷ್ಟ್ರು ಪಿಸುಮಾತಿನಲ್ಲಿ. ಅವರ ಕಣ್ಣು ಒದ್ದೆಯಾಗಿತ್ತು.

ಇನ್ನು ತಡವೇಕೆ? ಪ್ರವೀಣ ಕಾರಿನ ಕೆಲಸಕ್ಕೆ ಬಿದ್ದ. ಫಿಲ್ಟರ್ ಕೂರುವ ಜಾಗವನ್ನು ಬಿಸಿನೀರಿನಲ್ಲಿ ಉಜ್ಜಿ ಒರೆಸಿದ. ಒದ್ದೆ ಮ್ಯಾಟುಗಳನ್ನು ಬಿಸಿಲಿಗೆ ಹಾಕಿದ. ಗ್ಯಾರೇಜಿನಿಂದ ಹೊಸ ಫಿಲ್ಟರ್ ತರಿಸಿ ಹಾಕಿದ. "ವೈಪರ್ ಕೆಳಗಿನ ಜಾಲರಿ ಹರಿದೈತೆ ಸರ್, ಅದ್ರಿಂದ್ಲೇ ಅದು ಒಳಗೆ ಹೋಗಿದ್ದು. ಜಾಲರಿ ಇಲ್ಲಿ ಸಿಗಲ್ಲ. ದಾವಣಗೆರೆಯಿಂದ ಸೋಮವಾರ ಬರ್ತೈತೆ. ಅಲ್ಲಿ ತನಕ ಏನೂ ತೊಂದ್ರೆ ಇಲ್ಲ, ಓಡಿಸ್ರಿ."

ಮೂರೂವರೆಗೆ ಅನ್ನಪೂರ್ಣಮ್ಮನವರು ಹಸಿರು ರೇಷ್ಮೆ ಸೀರೆಯುಟ್ಟು, ಹೂ ಮುಡಿದು ಬಂದರು. ಕಾರಿನಲ್ಲಿ ಕೂತರು. ಮೇಷ್ಟ್ರು ಎಂಜಿನ್ ಹಚ್ಚಿ, ಹುಂಡಿಗೆ ಕಾಣಿಕೆ ಹಾಕುವ ಭಕ್ತಿಯಿಂದ ಸ್ವಿಚ್ಚು ಒತ್ತಿದರು. ತಣ್ಣನೆ ಗಾಳಿ ಬಂತು. ಬರೀ ಗಾಳಿ. ಮಣ್ಣಿನ ಹೂಜಿಯ ನೀರು ಕುಡಿದಂಥ ಗಾಳಿ.

"ನಿಜವಾಗ್ಲೂ ಹೋಗೈತೆ ಕಣ್ರೀ" ಎಂದು ಅನ್ನಪೂರ್ಣಮ್ಮನವರು ಸೀಟಿಗೆ ಒರಗಿ ಕಣ್ಣು ಮುಚ್ಚಿದರು. ಬೀದಿಯೆಲ್ಲ ಚಪ್ಪಾಳೆ ತಟ್ಟಿತು. ಮೇಷ್ಟ್ರಿಗೆ ಇಡೀ ನ್ಯಾಮತಿ ಕಣ್ಣ ಮುಂದೆ ಬಂತು: ಛತ್ರದ ಬಾಗಿಲು, ಮಹೇಶ್ವರಪ್ಪ, ಅವನ ಹಿಂದೆ ಬಾಯಿ ಬಿಟ್ಟು ನಿಂತ ನೆಂಟರು. ಗೇರಿಗೆ ಕೈ ಹಾಕಿದರು.

"ತಡೀರಿ! ತಡೀರಿ! ಆಫ್ ಮಾಡ್ರಿ!" ಎಂದು ಹನುಮಂತಪ್ಪನವರು ಜಗಲಿಯಿಂದ ಹಾರಿದರು.

ಬಾನೆಟ್ಟಿನ ಮೇಲೆ ತಾಯಿ ಅಳಿಲು ನಿಂತಿತ್ತು. ಕೊರಳಲ್ಲಿ ಹಾರ. ಗಾಜಿನ ಮೂಲಕ ಮೇಷ್ಟ್ರನ್ನು ಒಂದು ಕ್ಷಣ ನೋಡಿತು, ಬಾಡಿಗೆದಾರನನ್ನು ಮನೆಯೊಡತಿ ನೋಡುವಂತೆ. ಮೇಷ್ಟ್ರು ಎಂಜಿನ್ ಆರಿಸಿದರು. ಅಳಿಲು ವೈಪರಿನ ಕೆಳಗೆ ನುಸುಳಿ ಒಳಗೆ ಹೋಯಿತು. ಬರಿ ಬಾಯಲ್ಲಿ ಹೊರಬಂದು ಮರಕ್ಕೆ ಓಡಿತು. ಎರಡನೆಯ ಮರಿ ಬಂತು. ಮೂರನೆಯದು ಬಂತು.

"ಯಾಕೆ? ಮರದಾಗೆ ಏನಾಗಿತ್ತು ಇದಕ್ಕೆ?" ಮೇಷ್ಟ್ರು ಕಿಟಕಿಯಿಂದ ಅಳುವ ದನಿಯಲ್ಲಿ ಕೇಳಿದರು.

ಲಕ್ಷ್ಮಮ್ಮ ಬೆಣ್ಣೆ ಮಾರುವುದನ್ನೂ ಮರೆತು ನಗುತ್ತಿದ್ದಳು. "ಆ ಪೊಟರೆ ತುಂಬಾ ಕೆಂಪಿರುವೆ ಸ್ವಾಮೇರೆ. ಇಲ್ಲಿ ನೀವು ಮನೆ ತೊಳೆದು, ಒರೆಸಿ, ಹೊಸಾ ಹಾಸಿಗೆ ಹಾಸಿ ಕೊಟ್ಟೀರಿ. ಮೇಲೆ ತಣ್ಣಗೆ ಗಾಳಿ ಬೇರೆ. ಯಾವ ಬಾಣಂತಿ ಬಿಟ್ಟಾಳು?"

"ಮತ್ತೆ ಹೊರಗಿಟ್ರೆ?"

ಬೀದಿಗೆ ಬೀದಿಯೇ ಅವರನ್ನು ದುರುಗುಟ್ಟಿ ನೋಡಿತು. ಎಲ್ಲರಿಗಿಂತ ಹೆಚ್ಚಾಗಿ ನೋಡಿದವರು ಪಕ್ಕದ ಸೀಟಿನವರು. "ಬಾಣಂತೀನ ಒಂದು ದಿನಕ್ಕೆ ಎರಡು ಸಲ ಮನೆ ಬಿಡಿಸ್ತೀರೇನ್ರೀ? ಮನುಷ್ಯರಾ ನೀವು?"

"ಎಷ್ಟು ದಿನ ಇರ್ತಾವೆ ಲಕ್ಷ್ಮಮ್ಮ?"

"ಕಣ್ಣು ಬಿಟ್ಟು ಓಡಾಡಬೇಕಂದ್ರೆ ಇನ್ನೊಂದು ತಿಂಗಳು."

ಮೇಷ್ಟ್ರು ನಿಟ್ಟುಸಿರು ಬಿಟ್ಟರು. "ಆಯ್ತು, ಇಳಿ. ಇಬ್ಬರೂ ಬಸ್ಸಿಗೆ ಹೋಗಾಣ. ನಾಕು ಗಂಟೆಗೆ ಒಂದೈತೆ."

ಅನ್ನಪೂರ್ಣಮ್ಮನವರು ಅಲುಗಲಿಲ್ಲ. ಡ್ಯಾಶ್‌ಬೋರ್ಡಿಗೆ ಕಿವಿಯಿಟ್ಟಿದ್ದರು. ಒಳಗಿನಿಂದ ಚಿಂವ್ ಚಿಂವ್ ಎಂದು, ಸೂಜಿಯ ಮೊನೆಯಷ್ಟು ಸಣ್ಣ ದನಿ ಬರುತ್ತಿತ್ತು. ಅವರ ಮುಖವನ್ನು ಮೇಷ್ಟ್ರು ಹಾಗೆ ನೋಡಿ ಬಹಳ ವರ್ಷಗಳಾಗಿದ್ದವು.

"ಹಾಲು ಕುಡೀತಾ ಅದಾವೆ ಕಣ್ರೀ... ನಾನು ಈಗ ಇಳಿದ್ರೆ ಬಾಗಿಲ ಸದ್ದಿಗೆ ಹೆದರ್ತಾವೆ. ನಾಳೆ ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಧಾರೆ ಹೊತ್ತಿಗೆ ಬರ್ತೀನಿ. ನೀವು ಹೋಗ್ರಿ. ಮೆಲ್ಲಗೆ ಇಳೀರಿ. ಬಾಗಿಲು ಹಾಕಬೇಡ್ರಿ."

ಮೇಷ್ಟ್ರು ಮೆಲ್ಲಗೆ ಇಳಿದರು. ಬಾಗಿಲು ಹಾಕಲಿಲ್ಲ.

ದಾವಣಗೆರೆಯ ತನಕ ನಿಂತು, ಹೊನ್ನಾಳಿಯ ತನಕ ಒಂದು ಕಾಲಿನಲ್ಲಿ ನಿಂತು, ರಾತ್ರಿ ಎಂಟಕ್ಕೆ ಮೇಷ್ಟ್ರು ನ್ಯಾಮತಿಯ ಛತ್ರದ ಬಾಗಿಲಿಗೆ ಬಂದಾಗ ಅವರ ಜರಿಪಂಚೆ ಹಿಂಡಿಟ್ಟ ಬಟ್ಟೆಯಂತಾಗಿತ್ತು. ಮಹೇಶ್ವರಪ್ಪ ಓಡಿ ಬಂದು ಕೈ ಹಿಡಿದ.

"ಬರ್ರಿ ಭಾವ, ಬರ್ರಿ! ಅಕ್ಕ ಎಲ್ಲಿ?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ಮೇಷ್ಟ್ರು ಇದ್ದದ್ದನ್ನೇ ಹೇಳಿದರು. "ಕಾರಲ್ಲಿ ಕೂತಾಳೆ."

"ಅಯ್ಯೋ, ಕಾರಿಂದ ಇಳಿಯದಷ್ಟು ಮುನಿಸಾ? ನಾನೇ ಖುದ್ದು ಕರೀಲಿಲ್ಲ ಅಂತಲೇನು?" ಮಹೇಶ್ವರಪ್ಪ ಗಾಬರಿಯಾದ. ಮೇಷ್ಟ್ರು ಬಾಯಿ ತೆರೆಯುವುದರೊಳಗೆ ಕುಂಕುಮದ ಬಟ್ಟಲು, ಆರತಿ ತಟ್ಟೆ ಹಿಡಿದ ಐದು ಜನ ಮುತ್ತೈದೆಯರನ್ನೂ ವಾಲಗದವರನ್ನೂ ಹೊರಡಿಸಿಕೊಂಡು ಅಕ್ಕನನ್ನು ಕರೆತರಲು ಹೋಗಿಯೇಬಿಟ್ಟ. ಛತ್ರದ ಮುಂದೆ ನಿಂತ ನಲವತ್ತು ಕಾರುಗಳ ಒಂದೊಂದು ಕಿಟಕಿಗೂ ವಾಲಗ ಊದಿಸಿ, ಆರತಿ ಎತ್ತಿ ಹಿಡಿದು, ಇಣುಕಿ ನೋಡಿ, ಅರ್ಧ ಗಂಟೆಯ ಮೇಲೆ ಬೆವರು ಒರೆಸಿಕೊಳ್ಳುತ್ತ, ಮೇಷ್ಟ್ರು ಊಟಕ್ಕೆ ಕೂತಿದ್ದ ಪಂಕ್ತಿಗೆ ಬಂದ.

"ಭಾವ, ಕಾರು ಎಲ್ಲಿ ನಿಲ್ಸೀರಿ?"

"ಬೇವಿನ ಮರದ ಕೆಳಗೆ" ಎಂದರು ಮೇಷ್ಟ್ರು.

"ಇಲ್ಲಿ ಯಾವ ಬೇವಿನ ಮರ ಐತೆ?"

ಮೇಷ್ಟ್ರು ಎಲೆಯ ಮೇಲಿನ ಹೋಳಿಗೆಯನ್ನು ನೋಡುತ್ತ ಹೇಳಿದರು:

"ಜಗಳೂರಿನ ಬೇವಿನ ಮರ."